ಭಾಷಣ ಬರುತ್ತದೆ, ಅರ್ಜಿ ಬರುವುದಿಲ್ಲ

ನಮ್ಮ ಮಕ್ಕಳಿಗೆ ಭಾಷೆಯ ಬಡತನ ಇಲ್ಲ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಮದ್ರಸದಲ್ಲಿ ಅರಬಿ ಮತ್ತು ಅರಬಿ-ಮಲಯಾಳಂ. ಹತ್ತು ವರ್ಷದ ಮಗು ಎಡದಿಂದ ಬಲಕ್ಕೂ ಬರೆಯುತ್ತದೆ, ಬಲದಿಂದ ಎಡಕ್ಕೂ ಬರೆಯುತ್ತದೆ. ಇದನ್ನು ಹೊರಗಿನವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಆದರೆ ಇದೇ ಮಗು ಮದ್ರಸದ ಹತ್ತನೇ ತರಗತಿ ಮುಗಿಸಿ, ಪಿಯುಸಿಯೂ ಮುಗಿಸಿ, ಒಂದು ದಿನ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ "ಪಾಸ್‌ಬುಕ್ ಕಳೆದುಹೋಗಿದೆ, ಹೊಸದು ಕೊಡಿ ಎಂದು ಒಂದು ಅರ್ಜಿ ಬರೆದು ಕೊಡಿ" ಎಂದರೆ ಪೆನ್ನಿನ ತುದಿ ಕಚ್ಚುತ್ತಾ ನಿಲ್ಲುತ್ತದೆ. "ಎಂತ ಬರೆಯುವುದು?" ಎಂದು ಪಕ್ಕದವರನ್ನು ಕೇಳುತ್ತದೆ. ಪಕ್ಕದವರೂ ಅದೇ ಸ್ಥಿತಿಯಲ್ಲಿದ್ದರೆ ಇಬ್ಬರೂ ಹೊರಗೆ ಬಂದು ಯಾರಿಗಾದರೂ 50 ರೂಪಾಯಿ ಕೊಟ್ಟು ಬರೆಸುತ್ತಾರೆ.

ನಾನು ಹೇಳುತ್ತಿರುವುದು ದೊಡ್ಡ ಸಾಹಿತ್ಯದ ವಿಷಯ ಅಲ್ಲ. ರಜಾ ಅರ್ಜಿ, ಒಂದು ನೋಟಿಸು, ಒಂದು ರಶೀದಿ, ಪಂಚಾಯತಿಗೆ ಒಂದು ದೂರು, ಸಾಲದ ಚೀಟಿ. ಜೀವನದಲ್ಲಿ ಎಲ್ಲರಿಗೂ ಬೇಕಾಗುವ ಬರಹ ಇಷ್ಟೇ. ಶಾಲೆಯಲ್ಲಿ ಪತ್ರಲೇಖನ ಕಲಿಸುವುದಿಲ್ಲ ಎಂದಲ್ಲ. ಕಲಿಸುತ್ತಾರೆ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಉಂಟು. ಆದರೆ ಅಲ್ಲಿ ಪ್ರಶ್ನೆ ಹೇಗಿರುತ್ತದೆ ನೋಡಿ. ನಿಮ್ಮನ್ನು ಇಂತಹ ಊರಿನ ಇಂತಹ ಶಾಲೆಯ ಇಂತಹ ವಿದ್ಯಾರ್ಥಿ ಎಂದು ಭಾವಿಸಿಕೊಂಡು ಪತ್ರ ಬರೆಯಿರಿ. ಮಗು ತಾನು ಕಾಣದ ಊರಿನಿಂದ, ತನ್ನದಲ್ಲದ ಹೆಸರಿನಿಂದ, ತನಗೆ ಬೇಡದ ವಿಷಯಕ್ಕೆ ಪತ್ರ ಬರೆದು ಅಂಕ ತೆಗೆಯುತ್ತದೆ. ತನ್ನ ಹೆಸರಿನಲ್ಲಿ, ತನ್ನ ವಿಳಾಸದಿಂದ, ತನಗೆ ಬೇಕಾದದ್ದಕ್ಕೆ ಒಂದೇ ಒಂದು ಪತ್ರ ಬರೆಯದೆ ಶಾಲೆ ಮುಗಿಯುತ್ತದೆ.

ಮದ್ರಸದಲ್ಲಿ ನಾವು ಇದಕ್ಕಿಂತ ಒಳ್ಳೆಯದು ಮಾಡಿದ್ದೇವೆಯೇ? ವಾರಕ್ಕೊಮ್ಮೆ ಸಾಹಿತ್ಯ ಸಮಾಜ ಉಂಟು. ಮಕ್ಕಳು ಹಾಡುತ್ತಾರೆ, ಭಾಷಣ ಮಾಡುತ್ತಾರೆ. ರಬೀವುಲ್ ಅವ್ವಲ್ ಬಂದರೆ ಮೀಲಾದ್ ವೇದಿಕೆಯಲ್ಲಿ ಏಳು ವರ್ಷದ ಹುಡುಗ ಮೈಕ್ ಹಿಡಿದು ಐದು ನಿಮಿಷ ನಿಲ್ಲಿಸದೆ ಮಾತಾಡುತ್ತಾನೆ. ಉಮ್ಮಂದಿರು ಮೊಬೈಲಿನಲ್ಲಿ ವೀಡಿಯೊ ಮಾಡುತ್ತಾರೆ. ಇದು ಸಂತೋಷದ ವಿಷಯ, ಬಾಯಿ ಬರುವ ಮಕ್ಕಳು ನಮಗೆ ಬೇಕು. ಆದರೆ ಆ ಭಾಷಣ ಬರೆದವರು ಉಸ್ತಾದರು. ಮಗು ಅದನ್ನು ಬಾಯಿಪಾಠ ಮಾಡಿದ್ದು. ಬಾಯಿಗೆ ಕೊಟ್ಟಷ್ಟು ತರಬೇತಿಯ ಕಾಲು ಭಾಗವನ್ನೂ ಕೈಗೆ ಕೊಡುವುದಿಲ್ಲ.

ಹೀಗೆ ಹೇಳಿದಾಗ ಬರುವ ಮೊದಲ ಉತ್ತರ ನನಗೆ ಗೊತ್ತುಂಟು. "ಉಸ್ತಾದರೇ, ಮದ್ರಸ ದೀನ್ ಕಲಿಯಲಿಕ್ಕೆ. ಬೆಳಗ್ಗೆ ಸಿಗುವುದೇ ಒಂದೂವರೆ ಗಂಟೆ. ಅದರಲ್ಲಿ ಕುರ್‌ಆನ್, ಫಿಕ್‌ಹ್, ಅಖೀದಾ, ಚರಿತ್ರೆ ಮುಗಿಸುವುದೇ ಕಷ್ಟ. ಅರ್ಜಿ ಬರೆಯಲಿಕ್ಕೆ ಶಾಲೆ ಇಲ್ಲವಾ?" ಸಮಯದ ಮಾತು ಸರಿ, ಅದಕ್ಕೆ ಮತ್ತೆ ಬರುತ್ತೇನೆ. ಆದರೆ ಇದು ದೀನಿನ ಹೊರಗಿನ ವಿಷಯ ಎಂಬುದನ್ನು ನಾನು ಒಪ್ಪುವುದಿಲ್ಲ.

ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದು ಎಂದು ಮದ್ರಸದ ಕ್ವಿಝ್‌ನಲ್ಲಿ ಕೇಳಿದರೆ ಮಕ್ಕಳು ತಕ್ಷಣ ಹೇಳುತ್ತಾರೆ, ಸೂರಃ ಅಲ್ ಬಖರದ 282ನೆಯದು. ಅದರಲ್ಲಿ ಇರುವುದು ಏನು? ಅದರಲ್ಲಿ ಇರುವುದು ಸಾಲದ ಚೀಟಿ ಬರೆಯುವುದು ಹೇಗೆ ಎಂಬ ವಿಷಯ. ಅವಧಿ ಇಟ್ಟು ಸಾಲ ಮಾಡಿದರೆ ಬರೆಯಿರಿ. ಬರೆಯುವವನು ನ್ಯಾಯವಾಗಿ ಬರೆಯಲಿ, ಬರೆಯಲಿಕ್ಕೆ ಬರುವವನು ಬರೆಯುವುದಿಲ್ಲ ಎನ್ನದಿರಲಿ. ಸಾಲ ಪಡೆದವನೇ ಹೇಳಿ ಬರೆಸಲಿ, ಅವನಿಗೆ ಆಗದಿದ್ದರೆ ಅವನ ಪರವಾಗಿ ಪೋಷಕ ಹೇಳಲಿ. ಸಾಕ್ಷಿಗಳಿರಲಿ. ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲಿಕ್ಕೆ ಬೇಸರ ಮಾಡಬೇಡಿ. ಬರೆದವನಿಗೂ ಸಾಕ್ಷಿಗೂ ತೊಂದರೆ ಕೊಡಬೇಡಿ. ಇಷ್ಟು ವಿವರವಾಗಿ ಹೇಳಿದ ವಿಷಯವನ್ನು ನಾವು ತಜ್‌ವೀದ್ ಪ್ರಕಾರ ಓದಿ, ಅರ್ಥ ಹೇಳಿ, ಮುಂದಿನ ಪುಟಕ್ಕೆ ಹೋಗುತ್ತೇವೆ. ವುಝೂ ಕಲಿಸುವಾಗ ಹೌಳಿನ ಬಳಿ ಕರಕೊಂಡು ಹೋಗಿ ಮಾಡಿ ತೋರಿಸುತ್ತೇವೆ. ಸಾಲದ ಚೀಟಿಯನ್ನು ಮಾಡಿ ತೋರಿಸುವುದಿಲ್ಲ. ಬರೆದಿಡುವುದು ಸುನ್ನತ್, ಕಡ್ಡಾಯ ಅಲ್ಲ ಎಂದು ಹೆಚ್ಚಿನ ಉಲಮಾಗಳ ಅಭಿಪ್ರಾಯ, ನಿಜ. ಸುನ್ನತ್ ಎಂದಾದರೆ ಬಿಟ್ಟುಬಿಡಲಿಕ್ಕೆ ಅನುಮತಿ ಎಂದು ನಮ್ಮವರು ಅರ್ಥ ಮಾಡಿಕೊಂಡ ಹಾಗೆ ಕಾಣುತ್ತದೆ.

ಇದರ ಫಲ ಎಲ್ಲಿ ಕಾಣುತ್ತದೆ ಎಂದರೆ ಜನಾಝದ ಹೊತ್ತಿಗೆ. ಮಯ್ಯಿತ್ ನಮಾಝಿಗೆ ಮೊದಲು ಮಗನೋ ತಮ್ಮನೋ ಎದ್ದು ನಿಂತು, "ಮರಣ ಹೊಂದಿದವರಿಂದ ಯಾರಿಗಾದರೂ ಕೊಡಲಿಕ್ಕೆ ಬಾಕಿ ಇದ್ದರೆ ನಮ್ಮನ್ನು ಸಂಪರ್ಕಿಸಿ" ಎಂದು ಹೇಳುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಸೊತ್ತು ಪಾಲು ಮಾಡುವ ಮೊದಲು ಸಾಲ ತೀರಬೇಕು ಎಂಬುದು ಕುರ್‌ಆನಿನ ವಿಧಿ. ಆಮೇಲೆ ಎರಡು ವಾರದಲ್ಲಿ ಜನ ಬರುತ್ತಾರೆ. ಒಬ್ಬರು ವೀಸಾಕ್ಕೆ ಕೊಟ್ಟ 80 ಸಾವಿರ ಎನ್ನುತ್ತಾರೆ. ಇನ್ನೊಬ್ಬರು ಅಂಗಡಿಗೆ ಹಾಕಿದ 2 ಲಕ್ಷ ಎನ್ನುತ್ತಾರೆ. ಮತ್ತೊಬ್ಬರು ಮಗಳ ಮದುವೆಗೆ ಕೊಟ್ಟ ಚಿನ್ನ ಎನ್ನುತ್ತಾರೆ. ಯಾರ ಕೈಯಲ್ಲೂ ಕಾಗದ ಇಲ್ಲ. ಸುಳ್ಳು ಹೇಳುತ್ತಾರೆಂದು ನಾನು ಹೇಳುವುದಿಲ್ಲ, ಹೆಚ್ಚಿನವರು ಸತ್ಯವೇ ಹೇಳುತ್ತಾರೆ. ಆದರೆ ಮನೆಯ ಬೀವಿಗೆ ಏನೂ ಗೊತ್ತಿಲ್ಲ. ಕೊಟ್ಟರೆ ಯತೀಮ್ ಮಕ್ಕಳ ಪಾಲಿನಿಂದ ಕೊಟ್ಟ ಹಾಗೆ, ಕೊಡದಿದ್ದರೆ ಮಯ್ಯಿತ್ತಿನ ಕುತ್ತಿಗೆಯಲ್ಲಿ ಸಾಲ ಉಳಿದ ಹಾಗೆ. ನಾನು ಕಂಡ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರ ಮಾತು ನಿಂತು ನಾಲ್ಕು ವರ್ಷ ಆಯಿತು. ಜಗಳದ ಮೊತ್ತ ಕೇಳಿದರೆ ನಿಮಗೆ ನಗು ಬರಬಹುದು, ಅಷ್ಟು ಸಣ್ಣದು. ಇಬ್ಬರೂ ಪ್ರಾಮಾಣಿಕರು. ಅರ್ಧ ಹಾಳೆಯ ಮೇಲೆ ಎರಡು ಸಾಲು ಇದ್ದಿದ್ದರೆ ಇಬ್ಬರೂ ಇವತ್ತು ಒಂದೇ ಬಟ್ಟಲಲ್ಲಿ ಉಣ್ಣುತ್ತಿದ್ದರು. ವಸಿಯ್ಯತ್ ಮಾಡಲಿಕ್ಕೆ ಏನಾದರೂ ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದು ಎಂದು ಇಬ್ನು ಉಮರ್(ರ.ಅ.) ವರದಿ ಮಾಡಿದ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಎಷ್ಟು ಮನೆಗಳಲ್ಲಿ ಅಂತಹ ಕಾಗದ ಉಂಟು?

ಕಳೆದ ವರ್ಷದಿಂದ ನಾನು ಏಳನೇ ತರಗತಿಯ ಮಕ್ಕಳಿಗೆ ಸಮಾಜದ ದಿನ 20 ನಿಮಿಷ ತೆಗೆದು ಇದನ್ನು ಮಾಡಿಸುತ್ತಿದ್ದೇನೆ. ಸಾಲದ ಚೀಟಿಯಿಂದಲೇ ಶುರು. ಇಬ್ಬರು ಮಕ್ಕಳು, 500 ರೂಪಾಯಿ, ಇಬ್ಬರು ಸಾಕ್ಷಿಗಳು. ಯಾರು, ಯಾರಿಂದ, ಎಷ್ಟು, ಯಾವತ್ತು, ಯಾವತ್ತಿಗೆ ವಾಪಸು. ಒಬ್ಬ ಹುಡುಗ ಪೆನ್ನು ಕೆಳಗಿಟ್ಟು ಹೇಳಿದ, "ಉಸ್ತಾದ್, ಇವ ನನ್ನ ದೋಸ್ತಿ. ಬರೆದು ಕೊಡು ಅಂದ್ರೆ ಇವನಿಗೆ ಬೇಜಾರ್ ಆಗ್ತದೆ." ಹನ್ನೆರಡು ವರ್ಷದ ಹುಡುಗನ ಬಾಯಲ್ಲಿ ಇಡೀ ಊರಿನ ಮಾತು ಬಂತು. ದೊಡ್ಡವರೂ ಇದೇ ಕಾರಣಕ್ಕೆ ಬರೆಯುವುದಿಲ್ಲ. ನಾನು ಆಯತ್ತನ್ನು ಮತ್ತೆ ತೋರಿಸಿದೆ. ಹೇಳಿ ಬರೆಸುವ ಹೊಣೆ ಕೊಟ್ಟವನದ್ದಲ್ಲ, ಪಡೆದವನದ್ದು. ನೀನು ಕೇಳುವ ಮೊದಲೇ ಅವನು ಬರೆದು ಕೊಡಬೇಕು. ಹಾಗೆ ಬರೆದುಕೊಟ್ಟರೆ ನಾಳೆ 500ನ್ನು 700 ಎಂದು ಯಾರೂ ಹೇಳದ ಹಾಗೆ ಅವನಿಗೇ ರಕ್ಷಣೆ. ದೊಡ್ಡ ಮೊತ್ತಕ್ಕೆ ಸ್ಟ್ಯಾಂಪ್ ಪೇಪರ್, ವಕೀಲರು ಎಲ್ಲ ಬೇಕು, ಅದು ಬೇರೆ ಮಾತು. ಕೈಗೆ ಅಭ್ಯಾಸ ಆಗಲಿ ಎಂಬುದು ನನ್ನ ಲೆಕ್ಕ.

ಎರಡನೆಯದು ನೋಟಿಸು. "ನಾಳೆ ಮದ್ರಸಕ್ಕೆ ರಜೆ" ಎಂದು ಬರೆಯಿರಿ ಎಂದೆ. ಬಿಸ್ಮಿ ಚೆಂದವಾಗಿ ಬಂತು, ಸಲಾಂ ಬಂತು, ಪ್ರೀತಿಯ ಪೋಷಕರೇ ಎಂದು ಬಂತು, ಕೊನೆಗೆ ದುಆ ಬಂತು. ತಾರೀಕು ಮಾತ್ರ ಹೆಚ್ಚಿನವರದ್ದರಲ್ಲಿ ಇಲ್ಲ. "ನಾಳೆ" ಎಂದರೆ ಯಾವತ್ತು? ಮಕ್ಕಳನ್ನು ಹೇಳಿ ಪ್ರಯೋಜನ ಇಲ್ಲ. ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳನ್ನು ನೋಡಿ. "ಇಂದು ಝುಹರ್ ನಂತರ ಮಯ್ಯಿತ್ ನಮಾಝ್" ಎಂಬ ಸಂದೇಶ ಮೂರು ದಿನ ತಿರುಗುತ್ತದೆ. ಯಾವ "ಇಂದು" ಎಂದು ಯಾರಿಗೂ ಗೊತ್ತಿಲ್ಲ. ದೂರದಿಂದ ಬೈಕ್ ಹಿಡಿದು ಬಂದವರು ಖಬರ್ ಬಳಿ ನಿಂತು ದುಆ ಮಾಡಿ ವಾಪಸು ಹೋದದ್ದು ಉಂಟು. "ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕು" ಎಂಬುದಂತೂ ತಾರೀಕಿಲ್ಲದೆ ವರ್ಷಗಟ್ಟಲೆ ಓಡುತ್ತದೆ. ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾರೆ, ಅವರ ಮನೆಯವರ ಫೋನು ಮಾತ್ರ ನಿಲ್ಲುವುದಿಲ್ಲ. ತಾರೀಕು, ಜಾಗ, ಸಮಯ, ಬರೆದವರ ಹೆಸರು. ಇಷ್ಟನ್ನು ಮಕ್ಕಳ ತಲೆಗೆ ಹಾಕಲಿಕ್ಕೆ ನನಗೆ ಮೂರು ವಾರ ಹಿಡಿಯಿತು.

ರಜಾ ಅರ್ಜಿ ಕಲಿಸುವಾಗ ಇನ್ನೊಂದು ಸಂಗತಿ ಕಂಡಿತು. ಯಾವ ಮಗು ಬರೆದರೂ ಜ್ವರ. ಕುಂಞಮ್ಮನ ಮದುವೆಗೆ ಹೋದದ್ದಕ್ಕೂ ಜ್ವರ, ಉಪ್ಪ ದುಬೈಯಿಂದ ಬಂದದ್ದಕ್ಕೂ ಜ್ವರ. ಮಾದರಿ ಪತ್ರದಲ್ಲಿ "ಅನಾರೋಗ್ಯದ ನಿಮಿತ್ತ" ಎಂದು ಇರುವುದರಿಂದ ರಜಾ ಅರ್ಜಿ ಎಂದರೆ ಜ್ವರದ ಅರ್ಜಿ ಎಂದೇ ಮಕ್ಕಳು ತಿಳಿದಿದ್ದಾರೆ. ಕೆಲವು ಮನೆಯಲ್ಲಿ ದೊಡ್ಡವರೇ ಹಾಗೆ ಬರೆಸುತ್ತಾರೆ. ಒಂದು ಮಗು ತನ್ನ ಜೀವನದಲ್ಲಿ ಬರೆಯುವ ಮೊದಲ ಅರ್ಜಿಯೇ ಸುಳ್ಳು! ಬೆಳಗ್ಗೆ ಏಳು ಗಂಟೆಗೆ ಸುಳ್ಳು ಹೇಳುವುದು ಹರಾಮ್ ಎಂದು ಪಾಠ ಮಾಡಿ, ಒಂಬತ್ತೂವರೆಗೆ ಅದೇ ಮಗುವಿನ ಬ್ಯಾಗಿನಲ್ಲಿ ಈ ಕಾಗದ. "ಮನೆಯಲ್ಲಿ ಮದುವೆ ಇತ್ತು" ಎಂದು ನೇರವಾಗಿ ಬರೆದರೆ ಶಾಲೆಯ ಟೀಚರು ಒಂದು ಮಾತು ಬೈಯಬಹುದು. ಬೈಯಲಿ.

ಪತ್ರದ ಕ್ರಮ ಹೇಳಿಕೊಡಲಿಕ್ಕೆ ನಮಗೆ ಹೊರಗೆ ಹುಡುಕಬೇಕಾಗಿಲ್ಲ. ಸೂರಃ ಅನ್ನಮ್ಲ್‌ನಲ್ಲಿ ಸುಲೈಮಾನ್ ನಬಿ(ಅ.ಸ.) ಸಬಾದ ರಾಣಿಗೆ ಹುದ್‌ಹುದ್ ಹಕ್ಕಿಯ ಮೂಲಕ ಕಳಿಸಿದ ಪತ್ರ ಇದೆ. ಯಾರಿಂದ ಎಂಬುದು ಗೊತ್ತಾಗುತ್ತದೆ, ಬಿಸ್ಮಿ ಇದೆ, ಆಮೇಲೆ ವಿಷಯ ಒಂದೇ ಮಾತಿನಲ್ಲಿ. ಅಷ್ಟೇ. ಪ್ರವಾದಿ(ಸ.ಅ.)ಯವರು ರೋಮ್‌ನ ಹಿರಖ್ಲ್ ದೊರೆಗೆ ಬರೆಸಿದ ಪತ್ರದಲ್ಲೂ ಮೊದಲು ಇಂತಹವರಿಂದ, ಇಂತಹವರಿಗೆ ಎಂದು ಉಂಟು, ಎದುರಿನವರ ಸ್ಥಾನಕ್ಕೆ ತಕ್ಕ ಮರ್ಯಾದೆಯ ಮಾತು ಉಂಟು. ಮುದ್ರೆ ಇಲ್ಲದ ಪತ್ರವನ್ನು ಅವರು ಓದುವುದಿಲ್ಲ ಎಂದು ತಿಳಿಸಿದಾಗ ಬೆಳ್ಳಿಯ ಉಂಗುರ ಮಾಡಿಸಿ ಅದರಲ್ಲಿ ಹೆಸರು ಕೊರೆಸಿದರು. ಅಂದರೆ ಯಾರಿಗೆ ಬರೆಯುತ್ತೇವೋ ಅವರ ಕಚೇರಿಯ ಕ್ರಮ ತಿಳಿದು ಬರೆಯಬೇಕು. ಇವರಿಂದ, ಇವರಿಗೆ, ವಿಷಯ, ದಿನಾಂಕ, ಸಹಿ ಎಂದು ಶಾಲೆಯಲ್ಲಿ ಕಲಿಸುವುದೂ ಇದನ್ನೇ. ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಬೋರ್ಡಿನಲ್ಲಿ ಬರೆದು ತೋರಿಸಿದರೆ ಕಣ್ಣರಳಿಸಿ ನೋಡುತ್ತಾರೆ. ಝೈದ್ ಬಿನ್ ಸಾಬಿತ್(ರ.ಅ.) ಯಹೂದಿಯರ ಬರಹವನ್ನು 15 ದಿನದಲ್ಲಿ ಕಲಿತದ್ದೂ ಪ್ರವಾದಿಯವರ ಪತ್ರ ವ್ಯವಹಾರಕ್ಕಾಗಿಯೇ. ಬದ್ರ್‌ನ ಕೈದಿಗಳಲ್ಲಿ ಬರಹ ಬಲ್ಲವರಿಗೆ ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆ ಮಾಡಿದ ಸಂಗತಿ ಚರಿತ್ರೆ ಪಾಠದಲ್ಲಿ ಎಲ್ಲರೂ ಕಲಿತದ್ದೇ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಮಕ್ಕಳ ಸ್ವಂತ ಹೆಸರು. ನಗಬೇಡಿ. ಆಧಾರ್ ಕಾರ್ಡಿನ ಪ್ರತಿ ತನ್ನಿ, ಶಾಲೆಯ ದಾಖಲೆಯಲ್ಲಿ ಹೇಗುಂಟು ಕೇಳಿಕೊಂಡು ಬನ್ನಿ ಎಂದೆ. ಮುಹಮ್ಮದ್ ಎಂಬ ಒಂದು ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸ್ಪೆಲ್ಲಿಂಗ್. ಅಬ್ದುಲ್ ಖಾದರ್ ಒಂದು ಕಡೆ ಖಾದರ್, ಇನ್ನೊಂದು ಕಡೆ ಕಾದರ್, ಮತ್ತೊಂದು ಕಡೆ ಬರೀ ಎ. ಖಾದರ್. ಉಪ್ಪನ ಹೆಸರಿನ ಕೊನೆಯಲ್ಲಿ ಬ್ಯಾರಿ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಮನೆ ಹೆಸರಿನ ಇನಿಶಿಯಲ್ ಮುಂದೆ ಬರುತ್ತದೆ, ಹಿಂದೆ ಬರುತ್ತದೆ, ಮಾಯವಾಗುತ್ತದೆ. ಇದರಿಂದ ಸ್ಕಾಲರ್‌ಶಿಪ್ ಅರ್ಜಿ ನಿಲ್ಲುತ್ತದೆ, ಪಾಸ್‌ಪೋರ್ಟ್ ನಿಲ್ಲುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ವಿಸಿಟ್ ವೀಸಾ ಇಲ್ಲ ಎಂದಾಗ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಗಡಿಬಿಡಿ ಆಯಿತು ಎಂಬುದು ನೆನಪಿರಬಹುದು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಸಡಿಲಿಸಿದರು. ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ತಿದ್ದಲಿಕ್ಕೆ ನಮೂನೆ 8, ಹೊಸದಾಗಿ ಸೇರಲಿಕ್ಕೆ ನಮೂನೆ 6. ಇದು 18 ತುಂಬುವ ಪ್ರತಿ ಮಗುವಿಗೆ ಗೊತ್ತಿರಬೇಕು. ಈಗಿನ ದಿನಗಳಲ್ಲಿ ಕಾಗದದ ಮೇಲೆ ನಮ್ಮ ಹೆಸರು ಸರಿಯಾಗಿ ಇರುವುದು ಎಷ್ಟು ಮುಖ್ಯ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಮಾಅತಿನ ನಿಕಾಹ್ ದಫ್ತರಕ್ಕೂ ಇದೇ ಮಾತು. ಮಹರ್ ಎಷ್ಟು ಎಂಬುದನ್ನು ಚಿತ್ತಿಲ್ಲದೆ ಬರೆಯಬೇಕು, ಹೆಸರನ್ನು ಆಧಾರ್ ನೋಡಿ ಬರೆಯಬೇಕು. ಐದು ವರ್ಷ ಕಳೆದು ಗಲ್ಫಿನ ಫ್ಯಾಮಿಲಿ ವೀಸಾಕ್ಕೆ ಸರ್ಟಿಫಿಕೇಟ್ ಬೇಕಾದಾಗ ಆ ಪುಟ ತೆರೆಯುವವರು ನಾವೇ.

ಒಬ್ಬರು ಕಮಿಟಿ ಸದಸ್ಯರು ಕೇಳಿದರು, "ಈಗ ಮೊಬೈಲಿಗೆ ಹೇಳಿದರೆ ಅದೇ ಅರ್ಜಿ ಬರೆದು ಕೊಡ್ತದಲ್ಲಾ ಉಸ್ತಾದರೇ?" ಹೌದು, ಕೊಡುತ್ತದೆ, ನಾನೂ ನೋಡಿದ್ದೇನೆ. ಭಾಷೆ ನನಗಿಂತ ಚೆಂದ ಉಂಟು. ಆದರೆ ನಿಮ್ಮ ಪಾಸ್‌ಬುಕ್ ಯಾವತ್ತು ಕಳೆದುಹೋಯಿತು, ಖಾತೆ ಯಾರ ಹೆಸರಿನಲ್ಲಿ ಉಂಟು ಎಂದು ಅದಕ್ಕೆ ಗೊತ್ತಿಲ್ಲ, ಅದನ್ನು ನೀವೇ ಹೇಳಬೇಕು. ಬರೆದು ಕೊಟ್ಟದ್ದರಲ್ಲಿ ಬೇಡದ್ದು ಸೇರಿದೆಯಾ ಎಂದು ಓದಿ ನೋಡಬೇಕು. ಅದನ್ನು ಗುರುತಿಸಲಿಕ್ಕೆ ಒಮ್ಮೆಯಾದರೂ ಸ್ವತಃ ಬರೆದು ಗೊತ್ತಿರಬೇಕು. ಓದದೆ ಸಹಿ ಹಾಕುವ ಅಭ್ಯಾಸ ನಮ್ಮಲ್ಲಿ ಮೊದಲೇ ಜಾಸ್ತಿ. ಗಂಡ ಗಲ್ಫಿನಲ್ಲಿ, ಹೆಂಡತಿ ಬ್ಯಾಂಕಿನಲ್ಲಿ, ಸಿಬ್ಬಂದಿ ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕುತ್ತಾ ಹೋಗುವುದು. ಸಾಲಕ್ಕೆ ಹೋದವರಿಗೆ ಕೇಳದ ವಿಮೆಯೂ ಸೇರಿ ಬಂದದ್ದನ್ನು ಮನೆಗೆ ಬಂದ ಮೇಲೆ ಮಗಳು ಓದಿ ಹೇಳಿದ ಉದಾಹರಣೆ ನನ್ನ ಮುಂದೆಯೇ ಇದೆ.

ಅರ್ಜಿಗೆ ಎಷ್ಟು ಉದ್ದ ಬೇಕು ಎಂದು ಮಕ್ಕಳು ಕೇಳುತ್ತಾರೆ. ನಮ್ಮವರಿಗೆ ಉದ್ದ ಬರೆದರೆ ಮರ್ಯಾದೆ ಎಂಬ ಭಾವನೆ ಉಂಟು. ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದ ನಿಯಮ ಇದೆ, ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಾನು ಮಕ್ಕಳಿಗೆ ಇದೇ ಅಳತೆ ಕೊಟ್ಟಿದ್ದೇನೆ. 150 ಪದದಲ್ಲಿ ಹೇಳಲಿಕ್ಕೆ ಆಗದಿದ್ದರೆ ನಿಮಗೇ ವಿಷಯ ಗೊತ್ತಿಲ್ಲ ಎಂದರ್ಥ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ನಾನು ಕೆಂಪು ಪೆನ್ನು ತೆಗೆಯುವುದಿಲ್ಲ. ಬ್ಯಾರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಮಾಡಿ ಬೆಳೆದ, ಅದರಲ್ಲೂ ಇಂಗ್ಲಿಷ್ ಮೀಡಿಯಂನ ಮಗು ಕನ್ನಡದಲ್ಲಿ ಐದು ಸಾಲು ಬರೆದದ್ದೇ ದೊಡ್ಡದು. ಕಾಗುಣಿತ ಆಮೇಲೆ ಸರಿಯಾಗುತ್ತದೆ. ತಾರೀಕು ಬಿಟ್ಟರೆ ಮಾತ್ರ ವಾಪಸು ಕೊಡುತ್ತೇನೆ.

ಸಮಯದ ಪ್ರಶ್ನೆಗೆ ಬರುತ್ತೇನೆ. ಹೊಸ ಪೀರಿಯಡ್ ಬೇಡ, ಹೊಸ ಪುಸ್ತಕ ಬೇಡ. ವಾರದ ಸಮಾಜದಲ್ಲಿ ನಾಲ್ಕು ಹಾಡಿನ ಜಾಗದಲ್ಲಿ ಮೂರು ಸಾಕು. ಸಮಾಜದ ವರದಿಯನ್ನು ಮಕ್ಕಳೇ ಬರೆಯಲಿ, ಮುಂದಿನ ವಾರ ಓದಲಿ. ಮೀಲಾದಿನ ಆಮಂತ್ರಣದ ಕರಡನ್ನು ಹತ್ತನೇ ತರಗತಿಗೆ ಕೊಡಿ. ತಿಂಗಳ ಫೀಸಿನ ರಶೀದಿಯನ್ನು ದೊಡ್ಡ ಮಕ್ಕಳು ಬರೆಯಲಿ, ಉಸ್ತಾದರು ನೋಡಿ ಸಹಿ ಹಾಕಲಿ. ಪರೀಕ್ಷೆಯ ಪಾಠಗಳಿಗೆ ಇದರಿಂದ ಒಂದು ನಿಮಿಷವೂ ನಷ್ಟ ಇಲ್ಲ. ಇದನ್ನು ಕೆಲವು ಉಸ್ತಾದರು ಒಪ್ಪಲಿಕ್ಕಿಲ್ಲ. ನಮ್ಮಲ್ಲೇ ಅನೇಕರಿಗೆ ಕನ್ನಡದ ಕಚೇರಿ ಪತ್ರ ಬರೆಯುವುದು ಸಲೀಸಲ್ಲ, ಕೇರಳದಿಂದ ಬಂದವರಿಗಂತೂ ಕಷ್ಟ. ಅಂತಹ ಕಡೆ ಊರಿನ ಒಬ್ಬ ನಿವೃತ್ತ ಶಿಕ್ಷಕರನ್ನೋ ಪಂಚಾಯತಿಯಲ್ಲಿ ಕೆಲಸ ಮಾಡಿದವರನ್ನೋ ತಿಂಗಳಿಗೊಮ್ಮೆ ಕರೆಸಿದರೆ ಸಾಕು. ನಮ್ಮವರೇ ಆಗಬೇಕೆಂದಿಲ್ಲ.

ಮನೆಯವರಿಗೂ ಒಂದು ಮಾತು. ಅಂಗಡಿಗೆ ಕಳಿಸುವಾಗ ವಾಯ್ಸ್ ಮೆಸೇಜ್ ಬಿಟ್ಟು ಮಗುವಿನ ಕೈಯಲ್ಲೇ ಚೀಟಿ ಬರೆಸಿ. ಗೃಹಲಕ್ಷ್ಮಿ ಹಣ ಬರಲಿಲ್ಲ ಎಂದು ಕಚೇರಿಗೆ ಕೊಡುವ ಕಾಗದವನ್ನು ಸೇವಾ ಕೇಂದ್ರದ ಹೊರಗೆ ಬರೆಸುವ ಬದಲು ಮಗಳಿಗೆ ಹೇಳಿ ಬರೆಸಿ. ಕೊಟ್ಟದ್ದಕ್ಕೆ ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿ ಕೇಳಿ ಪಡೆಯಿರಿ. "ಅವರು ಗುರ್ತದವರು, ಬಾಯಲ್ಲಿ ಹೇಳಿದ್ದೇನೆ" ಎಂದರೆ ಆಗುವುದಿಲ್ಲ. ಗುರ್ತದವರು ನಾಳೆ ವರ್ಗ ಆಗಿ ಹೋಗುತ್ತಾರೆ.

ನನ್ನ ತರಗತಿಯಲ್ಲಿ ಇದನ್ನು ಬೇಗ ಹಿಡಿದುಕೊಂಡವರು ಹೆಣ್ಣು ಮಕ್ಕಳು. ಮದ್ರಸಕ್ಕೆ ಬರುವ ದಾರಿಯಲ್ಲಿ ಮೋರಿಯ ಚಪ್ಪಡಿ ಮುರಿದು ಎರಡು ಮಳೆಗಾಲ ಆಯಿತು. ಬೆಳಗ್ಗಿನ ಅರೆಗತ್ತಲಲ್ಲಿ ಒಂದು ಸಣ್ಣ ಮಗು ಬಿದ್ದು ಕೈ ತರಚಿಕೊಂಡಿತ್ತು. ಏಳನೆಯ ನಾಲ್ಕು ಹುಡುಗಿಯರು ಸೇರಿ ಪಂಚಾಯತಿಗೆ ಅರ್ಜಿ ಬರೆದರು. ಜಾಗ ಎಲ್ಲಿ, ಎಷ್ಟು ಅಗಲ, ಎಷ್ಟು ಮಕ್ಕಳು ದಿನಾ ನಡೆಯುತ್ತಾರೆ ಎಂದು ಅವರೇ ಲೆಕ್ಕ ಹಾಕಿದರು, 61 ಮಕ್ಕಳು. ಜೊತೆಗೆ ಪೋಷಕರ ಸಹಿ ಹಾಕಿಸಿದರು. ಒಬ್ಬಳ ಬಾಪ ಕೊಂಡುಹೋಗಿ ಕೊಟ್ಟು, ಪ್ರತಿಗೆ ಮೊಹರು ಹಾಕಿಸಿ ತಂದರು. ಐದು ವಾರ ಆಯಿತು, ಚಪ್ಪಡಿ ಬರಲಿಲ್ಲ. "ಇನ್ನು ಎಂತ ಮಾಡುವುದು ಉಸ್ತಾದ್?" ಎಂದು ಕೇಳಿದರು. ಎರಡನೇ ಅರ್ಜಿ ಬರೆಯಿರಿ, ಮೊದಲನೆಯದನ್ನು ಯಾವತ್ತು ಕೊಟ್ಟದ್ದೆಂದು ಅದರಲ್ಲಿ ಹಾಕಿ, ಮಕ್ಕಳ ಗ್ರಾಮಸಭೆ ನಡೆಯುವಾಗ ಇದರ ಪ್ರತಿ ಹಿಡಿದುಕೊಂಡು ಹೋಗಿ ಎಂದೆ. ಅದರ ಕರಡು ಈಗ ನನ್ನ ಮೇಜಿನ ಮೇಲೆ ಉಂಟು. 'ವಿಷಯ'ದ ಕೆಳಗೆ 'ಉಲ್ಲೇಖ' ಎಂದು ಒಂದು ಸಾಲು ಸೇರಿಸಿ, ಮೊಹರಿನಲ್ಲಿದ್ದ ತಾರೀಕನ್ನು ಹಾಗೆಯೇ ಇಳಿಸಿದ್ದಾರೆ.